ಡೋಣಿಗೆ ಇಪ್ಪತ್ತೇಳು ಉಡಿ

ಹೊಳೆಯ ಪಾಠವನ್ನು ನಾಲ್ಕು ಗೋಡೆಯೊಳಗೆ ಹೇಳಿ ಹೇಳಿ ನನಗೆ ಸಾಕಾಗಿತ್ತು. ಅಥಣಿ ರಸ್ತೆಯ ನಮ್ಮ ಶಾಲೆಯ ಎಂಟನೆಯ ತರಗತಿಯ ಇಪ್ಪತ್ತಾರು ಮಕ್ಕಳನ್ನು ಬಸ್ಸು ಹತ್ತಿಸಿ, ಬಬಲೇಶ್ವರದ ಹಾದಿಯ ಡೋಣಿ ಹೊಳೆಯ ದಂಡೆಗೆ ಹೊರಟೆ. ದಂಡೆಗೆ ಇಳಿಯಬೇಕಾದರೆ ಹೊಳೆವ್ವ ಎಂಬ ಮುದುಕಿಯ ಹೊಲ ದಾಟಬೇಕು. ಆಕೆ ಫೋನಿನಲ್ಲೇ ಹೇಳಿಬಿಟ್ಟಿದ್ದಳು: "ಒಂದ ಕ್ಯಾರಿಬ್ಯಾಗ್ ಹೊಳಿಗಿ ಬಿತ್ತಂದ್ರ, ಇದ ಕಡೀ ಸಲ ನೋಡ್ರಿ ಟೀಚರ್." ತಿಂಗಳಿಗೊಮ್ಮೆ ಮಕ್ಕಳನ್ನು ಇಲ್ಲಿಗೆ ತರಬೇಕೆಂಬುದು ನನ್ನ ಆಸೆ. ಅದಕ್ಕೇ ದಾರಿಯುದ್ದಕ್ಕೂ ಪ್ಲಾಸ್ಟಿಕ್ ಬಗ್ಗೆ ಗಂಟಲು ಹರಿದುಕೊಂಡೆ.

ದಂಡೆಯಲ್ಲಿ ನಿಂತು, ನೀರಿನ ಉಪ್ಪು ಅಳೆಯಲು ಬಾಟಲಿ ತೆಗೆಯಿರಿ ಎಂದರೆ ಮಕ್ಕಳು ತೆಗೆದದ್ದು ಉಡಿಯ ಸಾಮಾನು. ಮಕ್ಕಳು ಹೊಳೆಗೆ ಹೊರಟರೆ ತಾಯಂದಿರು ಸುಮ್ಮನೆ ಬಿಟ್ಟಾರೆಯೇ? ಹೊಳೆಯ ತಾಯಿ ಗಂಗವ್ವನಿಗೆ ಉಡಿ ತುಂಬಲೆಂದು ಖಣದ ಬಟ್ಟೆ, ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಬಳೆ ಕಳಿಸಿದ್ದರು. ಎಲ್ಲರದೂ ಒಂದೊಂದು ಕ್ಯಾರಿಬ್ಯಾಗಿನಲ್ಲಿ, ಬಾಯಿಗೆ ಗಂಟು. ಮುತ್ತು ಎಂಬ ಹುಡುಗ ಆಗಲೇ ತನ್ನದನ್ನು ನೀರಿಗೆ ಎಸೆಯಲು ಕೈ ಎತ್ತಿದ್ದ.

"ಕೈ ಇಳಸು ಮುತ್ತು. ಇಡೀ ದಾರಿ ನಾ ಏನ ಒದರಿದೆ?"

"ಅವ್ವ ಹೇಳ್ಯಾಳ್ರಿ ಟೀಚರ್. ವಾಪಸ್ ತಂದ್ರ ಮನಿಯೊಳಗ ಕರ್ಕೊಳ್ಳೂದಿಲ್ಲ ಅಂದಾಳ."

ನನ್ನ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಹೊಳೆವ್ವ ಬಂದಳು. ಇನ್ನು ಮುಗಿಯಿತು ಎಂದುಕೊಂಡೆ. ಆಕೆ ಮಾತ್ರ ಮುತ್ತುವಿನ ಕ್ಯಾರಿಬ್ಯಾಗ್ ಬಿಚ್ಚಿ, ಎಲ್ಲವನ್ನೂ ಖಣದಲ್ಲೇ ಕಟ್ಟಿದಳು.

"ಚಿಟಿಕಿ ಅಕ್ಕಿ ಹೊಳಿಗಿ ಬಿಡು. ಉಳದದ್ದು ಗಂಗವ್ವನ ಪ್ರಸಾದ, ನಿಮ್ಮವ್ವಗ ಒಯ್ದು ಕೊಡು. ಅಕಿ ಯಾಕ ಬೈತಾಳ? ನಾವೂ ಹಿಂಗ ಮಾಡ್ತೀವಿ."

ಉಳಿದ ಮಕ್ಕಳೂ ಹಾಗೆಯೇ ಖಣದಲ್ಲಿ ಕಟ್ಟಿಕೊಂಡು, ಸಾಲಾಗಿ ಅಕ್ಕಿ ಬಿಟ್ಟರು. ಸಣ್ಣ ಮೀನುಗಳು ಗುಂಪುಗೂಡಿದವು, ಪ್ರಶ್ನೆಗಳು ಅದಕ್ಕಿಂತ ಹೆಚ್ಚು ಬಂದವು. ನನಗೆ ಹಿಗ್ಗೋ ಹಿಗ್ಗು.

ಹೊರಡುವಾಗ ಹೊಳೆವ್ವ ಖಾಲಿ ಕ್ಯಾರಿಬ್ಯಾಗುಗಳನ್ನು ಎಣಿಸಿದಳು. "ಇಪ್ಪತ್ತಾರು. ಎಲ್ಲಾ ಬಂದಾವ."

"ಇಲ್ಲ ಬೇ ಆಯಿ, ಇನ್ನೊಂದ ಐತಿ," ಎಂದಳು ಆರತಿ, ನನ್ನ ಪಕ್ಕದಲ್ಲೇ ನಿಂತಿದ್ದ ಹುಡುಗಿ, ನನ್ನ ಬ್ಯಾಗನ್ನೇ ನೋಡುತ್ತ.

ಬ್ಯಾಗಿನಿಂದ ಹಸಿರು ಬಳೆ ಇಣುಕುತ್ತಿತ್ತು. ಬೆಳಿಗ್ಗೆ ನಮ್ಮ ಅತ್ತೆ ಕೊಟ್ಟ ಉಡಿ, ಅದೂ ಕ್ಯಾರಿಬ್ಯಾಗಿನಲ್ಲೇ. ಯಾರೂ ನೋಡದಾಗ ನೀರಿಗೆ ಬಿಟ್ಟರಾಯಿತೆಂದು ಮುಚ್ಚಿಟ್ಟಿದ್ದೆ. ನಾಚಿಕೊಂಡು, "ನಮ್ಮತ್ತಿ ಕೊಟ್ಟಾರ," ಎನ್ನುತ್ತ ಹೊರಗೆ ತೆಗೆದೆ.

"ಏನ ಬೇಡ್ಕೋ ಅಂದಾರ್ರಿ ನಿಮ್ಮತ್ತಿ?" ಹೊಳೆವ್ವ ಕೇಳಿದಳು.

"ನನ್ನ ಸಿಟ್ಟು ಕಮ್ಮಿ ಆಗ್ಲಿ ಅಂತ."

ಹೊಳೆವ್ವ ನಕ್ಕು ನಕ್ಕು ಬದುವಿನ ಮೇಲೆ ಕುಳಿತುಬಿಟ್ಟಳು. "ಹಂಗಾದ್ರ ಇದು ಒಂದ ಸಲಕ್ಕ ಆಗೂ ಕೆಲಸ ಅಲ್ರಿ. ತಿಂಗಳಾ ತಿಂಗಳಾ ಬರ್ರಿ, ಟೀಚರ್."