ಅಂಗೈ ಕಾವಲು

ಲಿಫ್ಟ್ ಮೆಕ್ಯಾನಿಕ್ಕಿಗೆ ಟೀವಿ ಧಾರಾವಾಹಿಯೊಂದರ ನಾಯಕಿಯ ಹುಚ್ಚು. ಅವಳು ಅಂಗೈ ಒಡ್ಡಿದರೆ ಸಾಕು, ಹಿಂದೆ ನಿಂತವರ ಕೂದಲೂ ಕೊಂಕುವುದಿಲ್ಲ. ಧಾರಾವಾಹಿ ಮುಗಿದ ಮೇಲೆ ಅವಳ ಕಥೆಯನ್ನು ಅವನೇ ಮುಂದುವರಿಸಿ, ಅಭಿಮಾನಿಗಳ ವೆಬ್‌ಸೈಟಿಗೆ ವಾರಕ್ಕೊಂದು ಕಂತು ಹಾಕುತ್ತಿದ್ದ. ಆ ಶಕ್ತಿಗೆ ಬೆಲೆ ಕಟ್ಟಿದವನೂ ಅವನೇ: ಅವಳು ಯಾರನ್ನು ಕಾಪಾಡುತ್ತಾಳೋ ಅವರು ಅವಳನ್ನು ಪೂರ್ತಿ ಮರೆತುಬಿಡುತ್ತಾರೆ.

ಕೊನೆಯ ಕಂತಿನಲ್ಲಿ ಅವಳು ಮನೆಯತ್ತ ನುಗ್ಗಿದ ಬೆಂಕಿಗೆ ಅಂಗೈ ಒಡ್ಡಿ ಹೆತ್ತ ತಾಯಿಯನ್ನೇ ಉಳಿಸುತ್ತಾಳೆ. ಮರುದಿನ ಹೋಗಿ ಬಾಗಿಲು ತಟ್ಟುತ್ತಾಳೆ.

"ತಾಯಿಗಾದ್ರೂ ನೆನಪಿರ್ಲಿ ರೀ. ನಿಮ್ಮದೇನು ಕಲ್ಲೆದೆನಾ?" ಎಂದಳು ಕರಡು ಓದಿದ ಹೆಂಡತಿ.

"ಒಬ್ಬರಿಗೆ ರಿಯಾಯಿತಿ ಕೊಟ್ರೆ ಅದು ಬೆಲೆ ಹೇಗಾಗುತ್ತೆ?" ಜಪ್ಪಯ್ಯ ಅಂದರೂ ಅವನು ಜಗ್ಗಲಿಲ್ಲ. ಆದರೆ ಬಾಗಿಲು ತೆರೆದ ತಾಯಿ ಏನನ್ನಬೇಕು ಎಂಬುದು ಮಾತ್ರ ಅವನಿಗೂ ಹೊಳೆದಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಹತ್ತು ಮಹಡಿಯ ಕಟ್ಟಡವೊಂದಕ್ಕೆ ತಿಂಗಳ ತಪಾಸಣೆಗೆ ಹೋದ. ಬ್ರೇಕಿನ ಪ್ಯಾಡು ಸವೆದು ಕಾಗದದಂತಾಗಿತ್ತು. ಇನ್ನೊಂದು ವಾರ ತಡೆಯುತ್ತಿರಲಿಲ್ಲ. ಅದನ್ನು ಬದಲಿಸಿ ಕೆಳಗಿಳಿದು ಗ್ರೀಸ್ ಒರೆಸಿಕೊಳ್ಳುತ್ತಿದ್ದಾಗ, ಅಷ್ಟು ಹೊತ್ತೂ ಕಾದು ಸಾಕಾಗಿದ್ದ ಎಂಟನೇ ಮಹಡಿಯ ಅಜ್ಜಿ ಸಿಡುಕಿದರು.

"ಏಳು ವರ್ಷದಿಂದ ಈ ಲಿಫ್ಟಿಗೆ ಏನೂ ಆಗಿಲ್ವಲ್ಲಪ್ಪ. ನೀನ್ಯಾಕೆ ಸುಮ್ಸುಮ್ನೆ ಬರ್ತೀಯ?"

ಏಳು ವರ್ಷದಿಂದ ಒಂದು ತಿಂಗಳೂ ತಪ್ಪಿಸದೆ ಬರುತ್ತಿದ್ದವನು ಲಿಫ್ಟಿನ ಬಾಗಿಲು ತೆರೆದು ಹಿಡಿದ. ಅಜ್ಜಿಯನ್ನು ಜೋಪಾನವಾಗಿ ಮೇಲಕ್ಕೆ ಕಳಿಸಿ, ಮೆಟ್ಟಿಲ ಮೇಲೆ ಕೂತು ಫೋನು ತೆಗೆದ. ತಾಯಿಯ ಮಾತು ಸಿಕ್ಕಿತ್ತು.

"ಈ ಮನೆಗೆ ಯಾವತ್ತೂ ಏನೂ ಆಗಿಲ್ವಲ್ಲಮ್ಮ. ನೀನ್ಯಾಕೆ ಬಂದೆ?"