ನಯನಾಳ ಕಣ್ತಪ್ಪು

ಮದುವೆಯ ತಿಂಗಳು ಬಂತೆಂದರೆ ಮರಿತಾಯಮ್ಮನ ಸೊಂಟ ಬಿದ್ದುಹೋಗುತ್ತಿತ್ತು. ಬೆಳಗಿನ ಐದಕ್ಕೇ ಪೊರಕೆ ಹಿಡಿದು ಗುಂಡ್ಲುಪೇಟೆಯ ನಾಲ್ಕು ಬೀದಿ ಗುಡಿಸಿ, ಚರಂಡಿ ಬಳಿದು, ಹನ್ನೊಂದು ಗಂಟೆಗೆ ಇನ್ನೇನು ಉಸ್ಸಪ್ಪಾ ಎಂದು ಕೂರಬೇಕು ಅನ್ನುವಾಗ ಕಂಟ್ರಾಕ್ಟರ್ ಶಿವಮೂರ್ತಿಯ ಕಸದ ಆಟೊ ಬಂದು ನಿಲ್ಲುತ್ತಿತ್ತು. ಹನ್ನೆರಡು ಹೆಂಗಸರನ್ನೂ ಅದರಲ್ಲೇ ತುಂಬಿಕೊಂಡು ಊಟಿ ರಸ್ತೆಯಲ್ಲಿದ್ದ ಅವನ ಸ್ವಂತ ಛತ್ರಕ್ಕೆ ಒಯ್ಯುತ್ತಿದ್ದರು. ಅಲ್ಲಿ ಸಾವಿರ ಎಂಜಲೆಲೆ ಕಾದಿರುತ್ತಿದ್ದವು. ಬೀದಿ ಗುಡಿಸುವುದಕ್ಕೆ ಸಂಬಳವಿತ್ತು, ಛತ್ರಕ್ಕೆ ಇರಲಿಲ್ಲ.

"ನಮ್ಮನೆ ಕೆಲ್ಸ ಅಂದ್ಕೊಂಡು ಮಾಡ್ಬುಡ್ರಮ್ಮ" ಎನ್ನುತ್ತಿದ್ದ ಶಿವಮೂರ್ತಿ. ಅವನ ಮನೆಯ ಹೊಸಿಲನ್ನು ಈ ಹನ್ನೆರಡು ಜನರಲ್ಲಿ ಒಬ್ಬಳೂ ಇವತ್ತಿಗೂ ದಾಟಿಲ್ಲ.

ಏಳು ವರ್ಷ ಹೀಗೇ ನಡೆಯಿತು. ಆಷಾಢಕ್ಕೆ ಮುಂಚಿನ ಒಂದು ಸೋಮವಾರ ಅವರಲ್ಲೊಬ್ಬಳಾದ ಕರಿಯಮ್ಮ ಎಲೆ ಎತ್ತುವಾಗ ಚೆಲ್ಲಿದ ಪಾಯಸದ ಮೇಲೆ ಕಾಲು ಜಾರಿ ಮುಂಗೈ ಮುರಿದುಕೊಂಡಳು. ಶಿವಮೂರ್ತಿ "ನೋಡ್ಕೊಂಡ್ ನಡೀಬಾರ್ದಾ" ಎಂದನೇ ಹೊರತು ಆಸ್ಪತ್ರೆಗೆ ಆಟೊ ಕಳಿಸಲಿಲ್ಲ. ಮಾರನೆಯ ದಿನ ಊರಲ್ಲಿ ಒಂದು ಪೊರಕೆಯೂ ಏಳಲಿಲ್ಲ. ಹೆಂಗಸರು ಛತ್ರದ ಎದುರಿಗೆ ಟಾರ್ಪಾಲು ಕಟ್ಟಿ ಕುಳಿತರು. ಬೀದಿ ಗುಡಿಸುತ್ತೇವೆ, ಛತ್ರದ ಎಂಜಲೆಲೆ ಮಾತ್ರ ಎತ್ತುವುದಿಲ್ಲ, ಅದನ್ನು ಒಪ್ಪುವ ತನಕ ಏಳುವುದಿಲ್ಲ. ಅವರ ಬೇಡಿಕೆ ಇಷ್ಟೇ.

ಈ ಸುದ್ದಿಗೆ ತಲೆಬರಹ ಕೊಡುವ ಕೆಲಸ ಬಂದದ್ದು ಮರಿತಾಯಮ್ಮನ ಮಗಳು ನಯನಾಳ ಪಾಲಿಗೆ.

ಚಾಮರಾಜನಗರದಲ್ಲಿ 'ಗಡಿಮಾತು' ಎಂಬ ನಾಲ್ಕು ಪುಟದ ಸಂಜೆ ಪತ್ರಿಕೆ. ಸುದ್ದಿ ತಿದ್ದಿ, ಪುಟ ಕಟ್ಟಿ, ಮಧ್ಯಾಹ್ನ ಒಂದರೊಳಗೆ ಪ್ರೆಸ್ಸಿಗೆ ಕೊಡುವುದು ಅವಳ ಕೆಲಸ. ದಿನಾ ತೆರಕಣಾಂಬಿ ಮೇಲೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮೂರು ವರ್ಷವಾಗಿತ್ತು. ಅಮ್ಮ ಏನು ಮಾಡುತ್ತಾರೆ ಎಂದು ಆಫೀಸಿನಲ್ಲಿ ಕೇಳಿದಾಗ "ಅಂಗನವಾಡೀಲಿ ಸಹಾಯಕಿ" ಎಂದಿದ್ದಳು. ಸುಳ್ಳು ಯಾಕೆ ಹೇಳಬೇಕಿತ್ತು ಎಂದು ಕೇಳುವವರು ಅವಳ ಹೆಸರು, ಬೀದಿ ಹೇಳಿಕೊಂಡು ಒಂದು ಬಾಡಿಗೆ ಮನೆ ಹುಡುಕಿ ನೋಡಲಿ.

ಆವತ್ತು ಅವಳು ಕೊಟ್ಟ ತಲೆಬರಹ ಹೀಗಿತ್ತು: 'ಎಂಜಲೆಲೆ ಎತ್ತಲ್ಲ: ಪೌರಕಾರ್ಮಿಕರ ಪಟ್ಟು'. ಸಂಪಾದಕನೂ ಮಾಲೀಕನೂ ಆದ ಸುಧಾಕರ್ ಅವಳ ಕುರ್ಚಿಯ ಹಿಂದೆ ಬಂದು ನಿಂತ. ಪ್ರಾಸವಿಲ್ಲದ ತಲೆಬರಹ ಅವನಿಗೆ ಉಪ್ಪಿಲ್ಲದ ಸಾರು. ಮೇಲಾಗಿ ಕೊನೆಯ ಪುಟದಲ್ಲಿ ಪ್ರತಿ ಶುಕ್ರವಾರ ಶಿವಮೂರ್ತಿಯ ಛತ್ರದ ಜಾಹೀರಾತು ಬರುತ್ತಿತ್ತು.

"ಏನಮ್ಮ ಇದು, ಸರ್ಕಾರಿ ಸುತ್ತೋಲೆ ಇದ್ದಂಗಿದೆ. ನಾನ್ ಹೇಳ್ತೀನಿ ಹೊಡಿ. 'ಕಸದವರಿಗೆ ಕೊಬ್ಬು, ಊರೆಲ್ಲ ಗಬ್ಬು'."

ನಯನಾಳ ಬೆರಳು ಕೀಲಿಯ ಮೇಲೇ ನಿಂತಿತು.

"ಸರ್, ಕಸದವರು ಅಂತ ಬೇಡ ಸರ್. ಬೇಜಾರು ಮಾಡ್ಕೋತಾರೆ."

"ಊರೆಲ್ಲ ಹಂಗೇ ತಾನೆ ಅನ್ನೋದು? ಬೆಳಿಗ್ಗೆ ಗಾಡಿ ಬಂದಾಗ ನಿಮ್ಮನೇಲಿ ಏನಂತೀರಿ? ಕಸದೋರು ಬಂದ್ರು ಅಂತೀರಿ. ಹೊಡಿ, ಹೊಡಿ. ಮರಿಯಪ್ಪ ಅಚ್ಚಿನ ಪ್ಲೇಟಿಗೆ ಕಾಯ್ತಾವ್ನೆ."

ತಮ್ಮ ಮನೆಯಲ್ಲಿ ಹಾಗೆ ಅನ್ನುವುದಿಲ್ಲ, ತಮ್ಮ ಮನೆಯಿಂದಲೇ ಗಾಡಿ ಹೊರಡುವುದು ಎಂದು ಹೇಳಬೇಕೆನಿಸಿತು. ಹೊಡೆದಳು. ಮೂರು ಕಾಲಮ್ಮಿಗೆ ತುಂಬುವಂತೆ ಅಕ್ಷರ ದಪ್ಪ ಮಾಡಿದಳು. ಬಾಗಿಲಲ್ಲಿ ನಿಂತಿದ್ದ ಪ್ರೆಸ್ಸಿನ ಮರಿಯಪ್ಪ ಎಲ್ಲವನ್ನೂ ಕೇಳಿಸಿಕೊಂಡ.

ಗುಂಡ್ಲುಪೇಟೆಗೆ ಹೋಗುವ ಪತ್ರಿಕೆಯ ಕಟ್ಟುಗಳನ್ನು ನಾಲ್ಕು ಗಂಟೆಯ ಬಸ್ಸಿಗೆ ಹಾಕುತ್ತಿದ್ದರು. ನಯನಾ ಮನೆಗೆ ಹೋಗುತ್ತಿದ್ದುದೂ ಅದರಲ್ಲೇ. ಆವತ್ತು ಕಟ್ಟು ಅವಳ ಕಾಲಿನ ಹತ್ತಿರವೇ ಇತ್ತು. ಊರು ಬರುವ ತನಕ ಅವಳು ಕಾಲು ಮಡಚಿಕೊಂಡೇ ಕುಳಿತಿದ್ದಳು.

ಬಸ್ಸಿಳಿದು ಅಲ್ಲಿ ಇಲ್ಲಿ ಹೊತ್ತು ಕಳೆದು ಮನೆಗೆ ಬಂದರೆ ಅವ್ವ ಆಗಲೇ ಒಂದು ಪ್ರತಿ ಕೊಂಡು ತಂದಿಟ್ಟುಕೊಂಡಿದ್ದಳು. ಮರಿತಾಯಮ್ಮನಿಗೆ ಓದು ಬಾರದು. ಮಗಳ ಪೇಪರಿನಲ್ಲಿ ತಮ್ಮ ಫೋಟೊ ಬಂದಿರುವುದು ಕಂಡಿತ್ತು, ಅಷ್ಟು ಸಾಕಾಗಿತ್ತು. ಟಾರ್ಪಾಲಿನ ಕೆಳಗೆ ಅವಳು ಎರಡನೆಯ ಸಾಲಿನಲ್ಲಿ, ಸೆರಗು ಹೊದ್ದು ಕುಳಿತಿದ್ದಳು.

"ಏನ್ ಬರ್ದವ್ರೆ ಕೂಸೆ? ದಪ್ಪಕ್ಷರದ್ದು ಓದು."

ನಯನಾ ಪತ್ರಿಕೆ ಹಿಡಿದಳು. ಅಕ್ಷರ ಎದ್ದು ಕಾಣುತ್ತಿತ್ತು. ಅವಳೇ ದಪ್ಪ ಮಾಡಿದ್ದಲ್ಲವೆ.

"'ಎಂಜಲೆಲೆ ಎತ್ತಲ್ಲ: ಪೌರಕಾರ್ಮಿಕರ ಪಟ್ಟು.'"

"ಇನ್ನೊಂದ್ ಸಲ ಓದಮ್ಮಿ."

ಇನ್ನೊಂದು ಸಲ ಓದಿದಳು. ಮರಿತಾಯಮ್ಮ ಪತ್ರಿಕೆಯನ್ನು ಇಸಿದುಕೊಂಡು ಮಡಚಿ, ರೇಷನ್ ಕಾರ್ಡ್ ಇಡುವ ಟ್ರಂಕಿನಲ್ಲಿ ಇಟ್ಟಳು.

ಸುಳ್ಳಿಗೆ ಆಯಸ್ಸು ಎಷ್ಟು? ಮಾರನೆಯ ಬೆಳಿಗ್ಗೆ ಕಾಲೇಜಿಗೆ ಹೋಗುತ್ತಿದ್ದ ಹುಡುಗಿಯೊಬ್ಬಳು ಟಾರ್ಪಾಲಿನ ಹತ್ತಿರ ನಿಂತು, "ಅಯ್ಯೋ, ನಿಮ್ಮನ್ನ ಹಿಂಗೆಲ್ಲ ಬರ್ದವ್ರಲ್ಲ" ಎಂದು ಜೋರಾಗಿ ಓದಿಯೇಬಿಟ್ಟಳು. ಮರಿತಾಯಮ್ಮ ಮೊದಲು ನಂಬಲಿಲ್ಲ. ಮನೆಗೆ ಹೋಗಿ ಟ್ರಂಕಿನಿಂದ ತನ್ನ ಪ್ರತಿ ತಂದು ಕೊಟ್ಟಳು. ಅದರಲ್ಲೂ ಅದೇ ಇತ್ತು.

ಕರಿಯಮ್ಮ ಪಟ್ಟಿ ಕಟ್ಟಿದ ಕೈಯಲ್ಲೇ ಎದ್ದಳು. ಹನ್ನೆರಡೂ ಜನ ಠಾಣೆಗೆ ಹೋಗಿ ಜಾತಿನಿಂದನೆಯ ದೂರು ಕೊಟ್ಟರು. ಸಂಜೆ ನಯನಾ ಬಂದಾಗ ಅವ್ವ ಮಾತಾಡಲಿಲ್ಲ, ಬೈಯಲೂ ಇಲ್ಲ. ಮುದ್ದೆ ತಟ್ಟೆಗೆ ಹಾಕಿ ಆ ಕಡೆ ತಿರುಗಿ ಮಲಗಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ನಯನಾ ಅತ್ತಳು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿದ್ದಾಗ ಸುಧಾಕರನ ಫೋನು.

"ನಯನಾ, ಬರ್ತಾ ನಿನ್ ಜಾತಿ ಸರ್ಟಿಫಿಕೇಟ್ ಜೆರಾಕ್ಸ್ ತಗೊಂಡ್ ಬಾಮ್ಮ. ಮೊಬೈಲಲ್ಲಿದ್ರೂ ನಡೆಯುತ್ತೆ."

"ಯಾಕೆ ಸರ್?"

"ಬಾ, ಹೇಳ್ತೀನಿ. ನಿಂಗೇ ಒಳ್ಳೇದು."

ಮೂರು ವರ್ಷದಲ್ಲಿ ಅವಳ ಜಾತಿಯನ್ನು ಯಾರೂ ನೇರವಾಗಿ ಕೇಳಿರಲಿಲ್ಲ. ತಾನು ಯಾರ ಮಗಳೆಂಬುದು ಅವನಿಗೆ ಹೇಗೆ ಗೊತ್ತಾಯಿತು ಎಂದು ಯೋಚಿಸುತ್ತಲೇ ಹೋದಳು. ಆಫೀಸಿನಲ್ಲಿ ಸುಧಾಕರನ ಜೊತೆ ವಕೀಲ ಸುನೀಲ್ ಕುಮಾರ್ ಕುಳಿತಿದ್ದ. ಮೇಜಿನ ಮೇಲೆ ಟೈಪಾದ ಒಂದು ಕಾಗದ ಸಿದ್ಧವಾಗಿತ್ತು.

"ಶಿವಮೂರ್ತಿ ಹೇಳ್ದ" ಎಂದ ಸುಧಾಕರ್. "ಮರಿತಾಯಮ್ಮನ ಮಗಳಂತಲ್ಲ ನೀನು? ಅಂಗನವಾಡಿ ಅಂದಿದ್ದೆ. ಇರ್ಲಿ ಬಿಡು, ಅದಕ್ಕೇನಂತೆ. ಕೂತ್ಕೊ, ನಿಂತೇ ಇದೀಯಲ್ಲ. ಟೀ ಕುಡೀತೀಯಾ?"

ಅವನು ಹಿಂದೆಂದೂ ಅವಳಿಗೆ ಟೀ ಕೇಳಿದವನಲ್ಲ.

ವಕೀಲ ಕಾಗದ ಮುಂದಕ್ಕೆ ತಳ್ಳಿದ. ತಲೆಬರಹ ಬರೆದವಳು ನಾನೇ, ಸಂಪಾದಕರ ಗಮನಕ್ಕೆ ತಾರದೆ ಅಚ್ಚಿಗೆ ಕೊಟ್ಟೆ, ಕಣ್ತಪ್ಪಿನಿಂದ ಆದ ಪ್ರಮಾದ, ನಾನೂ ಅದೇ ಸಮುದಾಯದವಳು, ಯಾರನ್ನೂ ನೋಯಿಸುವ ಉದ್ದೇಶವಿರಲಿಲ್ಲ ಎಂದಿತ್ತು.

"ಸರ್, ಇದು ನಾನು ಬರೆದಿದ್ದಲ್ಲ. ನೀವು ಹೇಳಿದ್ರಿ."

"ಟೈಪ್ ಮಾಡಿದ್ದು ಯಾರು?"



"ಇಲ್ಲಿ ಕೇಳಮ್ಮ" ಎಂದ ವಕೀಲ, ಮಕ್ಕಳಿಗೆ ಲೆಕ್ಕ ಹೇಳುವವನ ಹಾಗೆ. "ಆ ಕಾಯ್ದೆ ಇರೋದು ಬೇರೆ ಜಾತಿಯವರು ನಿಮ್ಮವರನ್ನ ಅವಮಾನ ಮಾಡಿದ್ರೆ. ನಿಮ್ಮವರೇ ನಿಮ್ಮವರಿಗೆ ಅಂದ್ರೆ ಆ ಕೇಸ್ ನಿಲ್ಲಲ್ಲ. ಇವರು ಬರೆದ್ರು ಅಂದ್ರೆ ಜೈಲು. ನೀನು ಬರೆದೆ ಅಂದ್ರೆ ಏನೂ ಇಲ್ಲ. ಅಷ್ಟೇ ವಿಷಯ."

ಆಗ ಅವಳಿಗೆ ಅರ್ಥವಾಯಿತು. ಮೂರು ವರ್ಷ ಅವಳು ಮುಚ್ಚಿಟ್ಟುಕೊಂಡು ತಿರುಗಿದ ಜಾತಿ ಈಗ ಇವರಿಗೆ ಗುರಾಣಿಯಾಗಬೇಕಿತ್ತು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತ್ತು. ಇಲ್ಲಿ ಕೋತಿಗೆ ಮೇಕೆಯದೇ ಪ್ರಮಾಣಪತ್ರವೂ ಬೇಕಾಗಿತ್ತು.

"ಸದ್ಯಕ್ಕೆ ನಿನ್ನ ಕೆಲಸದಿಂದ ತೆಗೆದಂಗೆ ತೋರಿಸ್ತೀನಿ" ಎಂದ ಸುಧಾಕರ್. "ಮೂರು ತಿಂಗಳಾದ್ಮೇಲೆ ಸದ್ದಿಲ್ದೆ ಬಾ. ಸೈನ್ ಹಾಕ್ಲಿಲ್ಲ ಅಂದ್ರೆ ನಾನೇನೂ ಮಾಡಲ್ಲಪ್ಪ. ಆದ್ರೆ ನಿಮ್ಮಮ್ಮನ ಕೆಲಸ ಶಿವಮೂರ್ತಿ ಕೈಲಿದೆ. ಅವನು ನನ್ನ ಮಾತು ಕೇಳೋನಲ್ಲ."

ಹಾಕಿದರೆ ಅವ್ವನ ಮುಖ ನೋಡುವಂತಿಲ್ಲ, ಹಾಕದಿದ್ದರೆ ಅವ್ವನ ಕೆಲಸ ಇಲ್ಲ. ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪ ಬಾಯಲ್ಲಿತ್ತು.

"ಅವ್ವನ್ನ ಕೇಳಿ ನಾಳೆ ಹೇಳ್ತೀನಿ ಸರ್" ಎಂದು ಕಾಗದ ತೆಗೆದುಕೊಂಡು ಎದ್ದಳು.

ಪ್ರೆಸ್ಸಿಗೆ ಹೋಗಿ ಮರಿಯಪ್ಪನ ಮುಂದೆ ನಿಂತಳು. "ಅಣ್ಣ, ನೀವು ಬಾಗಿಲಲ್ಲೇ ಇದ್ರಿ. ಕೇಳಿಸ್ಕೊಂಡ್ರಿ."

ಮರಿಯಪ್ಪ ಕೈಯ ಮಸಿಯನ್ನು ಚಿಂದಿಗೆ ಒರೆಸುತ್ತಲೇ ಇದ್ದ.

"ಮಿಸಿನ್ ಸದ್ದಲ್ಲಿ ನಂಗೇನ್ ಕೇಳಿಸ್ತದವ್ವ. ಇನ್ನೆಲ್ಡು ವರ್ಸ ಅದೆ ನಂದು. ನನ್ನ ಬುಟ್ಬುಡು."

ಅವತ್ತು ಮಿಷಿನ್ನು ಓಡುತ್ತಲೇ ಇರಲಿಲ್ಲ ಎಂದು ಅವನಿಗೂ ಗೊತ್ತಿತ್ತು. ಅವಳು ತಿರುಗಿ ಹೊರಟಾಗ ಅವನು ಈ ದಿನ ಬೆಳಿಗ್ಗೆಯೇ ಅಚ್ಚು ಹಾಕಿಸಿದ್ದ ಪತ್ರಿಕೆಯ ಒಂದು ಪ್ರತಿಯನ್ನು ಮಡಚಿ ಅವಳ ಚೀಲದೊಳಗೆ ತುರುಕಿದ. ಕಣ್ಣು ಮಾತ್ರ ಎತ್ತಲಿಲ್ಲ.

ಬಸ್ಸಿನಲ್ಲಿ ಬಿಡಿಸಿ ನೋಡಿದಳು. ಮೊದಲ ಪುಟದ ಮೂಲೆಯಲ್ಲಿ ಚೌಕ ಕಟ್ಟಿ ಹಾಕಿದ್ದರು. 'ನಯನ ತಪ್ಪಿದ ನಯನಾ!' ಕ್ಷಮೆ ಕೇಳುವಾಗಲೂ ಸುಧಾಕರ್ ಪ್ರಾಸ ಬಿಟ್ಟಿರಲಿಲ್ಲ. ತಪ್ಪೊಪ್ಪಿಗೆ ಬರೆದುಕೊಟ್ಟ ಸಿಬ್ಬಂದಿಯನ್ನು ವಜಾ ಮಾಡಲಾಗಿದೆ, ಆಕೆ ಪೌರಕಾರ್ಮಿಕರೊಬ್ಬರ ಮಗಳೇ ಎಂಬುದು ವಿಪರ್ಯಾಸ ಎಂದು ಅಚ್ಚಾಗಿತ್ತು.

ಅವಳು ಸಹಿ ಹಾಕಿರಲಿಲ್ಲ. ಅವಳಿಗೆ ಟೀ ಕೇಳುತ್ತಿದ್ದ ಹೊತ್ತಿಗೆ ಇದು ಅಚ್ಚಿಗೆ ಹೋಗಿಯಾಗಿತ್ತು.

ಬಸ್ಸಿಳಿದವಳು ಮನೆಯ ಕಡೆ ಹೋಗಲಿಲ್ಲ, ಟಾರ್ಪಾಲಿನ ಹತ್ತಿರ ಹೋದಳು. ಹನ್ನೆರಡು ಜನ ತಲೆಯೆತ್ತಿ ನೋಡಿದರು. ಯಾರೂ ಬಾ ಎನ್ನಲಿಲ್ಲ. ಅವಳು ಪತ್ರಿಕೆಯನ್ನೂ ಕಾಗದವನ್ನೂ ಅವ್ವನ ಮುಂದೆ ಇಟ್ಟಳು.

ನಿನ್ನೆಯಿಂದ ಮಾತು ಬಿಟ್ಟಿದ್ದ ಮರಿತಾಯಮ್ಮ ಈಗ ಬಾಯಿ ಬಿಟ್ಟಳು.

"ಓದು. ಈ ಸಲ ಇರೋದ್ನೇ ಓದು."

ನಯನಾ ನಿಂತುಕೊಂಡೇ ಓದಿದಳು. ಪತ್ರಿಕೆಯಲ್ಲಿದ್ದದ್ದನ್ನು ಓದಿದಳು, ಕಾಗದದಲ್ಲಿದ್ದದ್ದನ್ನು ಓದಿದಳು, ಒಂದಕ್ಷರ ಬಿಡಲಿಲ್ಲ. ಆಮೇಲೆ ಎರಡು ದಿನದ ಹಿಂದೆ ಆಫೀಸಿನಲ್ಲಿ ನಡೆದದ್ದನ್ನೂ ಹೇಳಿದಳು, ಕಸದವರು ಎಂಬ ಮಾತಿನ ಸಮೇತ. ಅಂಗನವಾಡಿಯ ಸುಳ್ಳನ್ನೂ ಬಿಡಲಿಲ್ಲ. ಅದು ಬಾಯಿಂದ ಬಂದಾಗ ಮರಿತಾಯಮ್ಮನ ಕಣ್ಣು ಒಂದು ಸಲ ಮುಚ್ಚಿ ತೆರೆಯಿತು.

"ಅವ್ನ್ ಹೇಳ್ದ. ಕುಟ್ಟಿದ್ ಕೈ ನಿಂದೇ ಅಲ್ವಾ?" ಎಂದಳು.

"ನಂದೇ ಅವ್ವ."

ಕರಿಯಮ್ಮ ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಂದ ಎತ್ತಿ ತೋರಿಸಿದಳು.

"ಬುಡಕ್ಕ, ಆ ಕೂಸ್ನ ಏನ್ ಕೇಳೀಯೆ. ಏಳ್ ವರ್ಸ ಅವ್ನ್ ಛತ್ರದ್ ಎಲೆ ಎತ್ತಿದ್ ಕೈಯಿ ಯಾರ್ದು? ನಮ್ದೇ ಅಲ್ವಾ? ಅವ್ನ್ ಹೇಳ್ದ, ನಾವ್ ಎತ್ದೊ."

ಮರಿತಾಯಮ್ಮ ಕಾಗದವನ್ನು ಇಸಿದುಕೊಂಡು ನೋಡಿದಳು. ಸಹಿಯ ಜಾಗ ಖಾಲಿ ಇರುವುದು ಓದು ಬಾರದವಳಿಗೂ ಕಾಣುತ್ತಿತ್ತು.

"ಹಾಕ್ದಿದ್ರೆ ನನ್ ಕೆಲ್ಸ ಓಯ್ತದೆ ಅಂದ್ನಾ?"

"ಹೂಂ ಅವ್ವ."

"ನಿಂದು ಆಗ್ಲೇ ಓಯ್ತು. ನಂದೂ ಓಗ್ಲಿ. ನಾಳೆ ಠಾಣೆಗೆ ಓಗನ, ಅವ್ನ್ ಏನ್ ಹೇಳ್ದ, ನೀ ಏನ್ ಕುಟ್ಟ್ದೆ, ಎಲ್ಲಾವ ಹೇಳು. ಆ ಕಾಗ್ದಾನೂ ತಗೊ."

ನಾಳೆ ಏನಾಗುತ್ತದೆ ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಛತ್ರದ ಬಾಗಿಲಲ್ಲಿ ಶಿವಮೂರ್ತಿಯ ಮೇಸ್ತ್ರಿ ನಿಂತು ಯಾರು ಯಾರು ಇದ್ದಾರೆಂದು ಮೊಬೈಲಿನಲ್ಲಿ ಫೋಟೊ ಹಿಡಿಯುತ್ತಿದ್ದ. ಮರಿತಾಯಮ್ಮ ಅವನ ಕಡೆ ನೋಡಿದಳು. ಸೆರಗನ್ನು ತಲೆಯಿಂದ ಕೆಳಗೆ ಸರಿಸಿದಳು. ತಾನು ಕುಳಿತಿದ್ದ ರಟ್ಟನ್ನು ಎಳೆದು, ಧೂಳು ಕೊಡವಿ, ಮಗಳ ಕೈಗೆ ಕೊಟ್ಟಳು.

"ಆವತ್ತು ನಂಗೆ ಓದಿ ಹೇಳ್ದಲ್ಲ ಕೂಸೆ, ಅದ್ನ ಇದ್ರ ಮ್ಯಾಲೆ ಬರಿ. ದೊಡ್ಡದಾಗಿ ಬರಿ. ನಾನು ಓದ್ದೋಳಲ್ಲ, ಆದ್ರೂ ನಂಗೆ ಕಾಣ್ಬೇಕು."