ಪಾಸಾದ ಮೀನು

ಕುಳಗಿ ರಸ್ತೆಯ ಅಂದಾನೆಪ್ಪನ ಹೋಮ್‌ಸ್ಟೇ ಮುಂದೆ ವೈನ್ ಕಂಪನಿಯ ಸೋಮಪ್ಪ ಕಾರಿನಿಂದ ಇಳಿದಾಗ ಅಡುಗೆಯ ತುಳಜಾ ಕಿಟಕಿಯಿಂದ ಇಣುಕಿ ನೋಡಿದಳು. ಅವರು ತಂದದ್ದು ವಿಜಯಪುರ ಕಡೆಯ ದ್ರಾಕ್ಷಿಯ ಬಿಳಿ ವೈನು. ಪ್ರತಿ ಶನಿವಾರ ಪ್ರವಾಸಿಗರಿಗೆ ಅದರ ಜೊತೆ ಊಟ ಬಡಿಸಬೇಕೆಂಬುದು ಅಂದಾನೆಪ್ಪನ ಆಸೆ. ಯಾವ ಪದಾರ್ಥ ವೈನಿಗೆ ಹೊಂದುತ್ತದೆಂದು ಸೋಮಪ್ಪ ತಿಂದು ನೋಡಿ ಹೇಳಬೇಕು. ಯಾವುದೂ ಹೊಂದದಿದ್ದರೆ ಗೋವಾದಿಂದ ಅಡುಗೆಯವನನ್ನು ಕರೆಸುವ ಮಾತಾಗಿತ್ತು. ಆಗ ತುಳಜಾ ಮತ್ತೆ ಹಳಿಯಾಳದ ಕಬ್ಬಿನ ಗದ್ದೆಗೆ ಕೂಲಿಗೆ ಹೋಗಬೇಕು.

ಮಧ್ಯಾಹ್ನ ಅವಳು ಮೊದಲು ಹೊಳೆಮೀನಿನ ಸಾರು ಇಟ್ಟಳು. ಸೋಮಪ್ಪ ಒಂದು ಖಾಲಿ ತಂಬಿಗೆ ಕೇಳಿದರು. ಕೈ ತೊಳೆಯಲಿಕ್ಕಿರಬೇಕೆಂದು ತಂದುಕೊಟ್ಟು ಬಾಗಿಲ ಸಂದಿಯಲ್ಲಿ ನಿಂತಳು. ಅವರು ಒಂದು ತುತ್ತು ತಿಂದರು, ಒಂದು ಗುಟುಕು ವೈನು ಬಾಯಿಗೆ ಹಾಕಿ ಕೆನ್ನೆ ತುಂಬ ಆಡಿಸಿದರು. ಆಮೇಲೆ ಎಲ್ಲವನ್ನೂ ತಂಬಿಗೆಗೆ ಉಗುಳಿದರು.

ಮೀನು ಹಿಡಿಸಲಿಲ್ಲವೆಂದೇ ತುಳಜಾ ತಿಳಿದಳು. ಅವಳ ಸಿದ್ದಿ ಕೇರಿಯಲ್ಲಿ ಮನೆಗೆ ಬಂದವರು ತುತ್ತು ಉಗುಳಿದರೆ ಯಾಕೆಂದು ಕೇಳುವಂತಿಲ್ಲ. ಆ ಪದಾರ್ಥ ಎತ್ತಿ, ಬಾಯಿ ಮುಚ್ಚಿಕೊಂಡು, ಬೇರೆಯದು ತಂದಿಡಬೇಕು. ಅವಳ ಅವ್ವ ಕಲಿಸಿದ್ದೇ ಹಾಗೆ. ಮೀನು ಎತ್ತಿ ಕಳಲೆ ಪಲ್ಯ ಇಟ್ಟಳು. ಅದನ್ನೂ ಉಗುಳಿದರು. ನಾಟಿ ಕೋಳಿ ಇಟ್ಟಳು. ಅದಕ್ಕೂ ಅದೇ ಗತಿ. ಪ್ರತಿ ಸಲವೂ ಅವರು ವಹಿಯಲ್ಲಿ ಏನೋ ಗೀಚಿ "ಹೂಂ, ಮುಂದಿಂದು ತರ್ರಿ" ಎನ್ನುತ್ತಿದ್ದರು. ಎದುರಿಗೆ ಕೂತ ಅಂದಾನೆಪ್ಪನಂತೂ ತಲೆಯಾಡಿಸಿದ್ದೇ ಆಡಿಸಿದ್ದು.

ಒಲೆಯ ಮೇಲೆ ಇನ್ನೇನೂ ಉಳಿದಿರಲಿಲ್ಲ. ಮಗಳಿಗೆ ನೆಗಡಿಯೆಂದು ಬೆಳಿಗ್ಗೆ ಅರೆದಿಟ್ಟ ಕೆಂಪಿರುವೆ ಚಟ್ನಿಯೊಂದು ಡಬ್ಬಿಯಲ್ಲಿತ್ತು. ಹೋಗುವ ಕೆಲಸ ಹೇಗೂ ಹೋಗುತ್ತದೆ ಎಂದು ಅಕ್ಕಿ ರೊಟ್ಟಿಯ ಮೇಲೆ ಒಂದು ಚಮಚ ಹಾಕಿ ಇಟ್ಟುಬಂದಳು.

ಸೋಮಪ್ಪ ತಿಂದರು. ಕಣ್ಣಲ್ಲಿ ನೀರು ಬಂತು. ವೈನು ಕುಡಿದರು, ನುಂಗಿದರು. ಮತ್ತೆ ತಿಂದರು, ಮತ್ತೆ ನುಂಗಿದರು. ತಂಬಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ರೊಟ್ಟಿಯ ಚೂರಿನಿಂದ ತಾಟು ಒರೆಸಿಕೊಂಡರು. ಒಲೆ ಉಳಿಯಿತು ಎಂದುಕೊಂಡು ತುಳಜಾ ಸೆರಗಿನಿಂದ ಮುಖ ಒರೆಸಿಕೊಂಡಳು.

ಸ್ವಲ್ಪ ಹೊತ್ತಿಗೆ ಅಂದಾನೆಪ್ಪ ಅಡುಗೆಮನೆಗೆ ಓಡಿಬಂದ.

"ತುಳಜಕ್ಕಾ, ಗೆದ್ವಿ! ಮೀನ ಪಾಸು, ಕಳಲಿ ಪಾಸು, ಕೋಳಿನೂ ಪಾಸು. ಗೋವಾದಾಂವ ಬ್ಯಾಡಂತ."

"ಏನ್ ಹೇಳ್ತೀರಿ ಅಣ್ಣಾರ? ಅವನ್ನೆಲ್ಲಾ ಉಗುಳಿದ್ರಲ್ಲರಿ!"

"ವೈನ್ ರುಚಿ ನೋಡೋರು ಹಂಗ ಉಗುಳ್ತಾರಂತ. ನುಂಗಿದ್ರ ತಲಿ ತಿರುಗತೈತಿ, ಕಾಡಿನ ದಾರ್ಯಾಗ ಗಾಡಿ ಹೆಂಗ ಹೊಡೀತಾರ?"

"ಮತ್ತ ಚಟ್ನಿ? ಅದನ್ನ ಗಬಗಬ ನುಂಗಿದ್ರು."

"ಅದು ಫೇಲು. ಅದರ ಮುಂದ ನಮ್ಮ ವೈನು ಬರೇ ನೀರಾಗಿ ಬಿಡತೈತಿ ಅಂದ್ರು. ಶನಿವಾರ ಅದು ಮಂದಿ ಕಣ್ಣಿಗೂ ಬೀಳಬಾರದಂತ."

ತುಳಜಾ ಗೋಡೆಗೆ ಒರಗಿದಳು. ಒಲೆ ತನ್ನದೇ ಎಂಬ ಸಮಾಧಾನ ಮೈಗೆಲ್ಲ ಇಳಿಯುತ್ತಿದ್ದ ಹಾಗೆ ನಗುವೂ ಬರತೊಡಗಿತು. ಇನ್ನು ಮೇಲೆ ಪ್ರತಿ ಶನಿವಾರ, ಸಾಹೇಬರು ಉಗುಳಿದ ಪದಾರ್ಥಗಳನ್ನೇ ಅಚ್ಚುಕಟ್ಟಾಗಿ ಮಾಡಬೇಕು.

ಅಂದಾನೆಪ್ಪ ಹೋಗದೆ ಅಲ್ಲೇ ನಿಂತಿದ್ದ. ದನಿ ತಗ್ಗಿಸಿ, "ಅಕ್ಕಾ, ಇನ್ನೊಂದೈತಿ. ಸಾಹೇಬ್ರು ಉಳಿದ ಚಟ್ನಿ ಮನಿಗೆ ಒಯ್ಯಾಕ ಕಟ್ಟಿಕೊಡ್ರಿ ಅಂದಾರ," ಎಂದ.

ತುಳಜಾ ಡಬ್ಬಿಯ ಮುಚ್ಚಳ ಬಿಗಿಮಾಡಿ ಮಗಳಿಗೆಂದು ತನ್ನ ಚೀಲದೊಳಗೆ ಇಟ್ಟುಕೊಂಡಳು.

"ಮುಗದೈತಿ ಅಂತ ಹೇಳ್ರಿ, ಅಣ್ಣಾರ. ಬೇಕಂದ್ರ ಮೀನ ಕಟ್ಟಿಕೊಡ್ತೇನಿ. ಪಾಸಾಗೇತಲ್ಲ!"